ಸೈನಸ್ ಕ್ಯಾನ್ಸರ್: ಎಲ್ರೂ ನನ್ನನ್ನ ಕೇಳೋ ಪ್ರಶ್ನೆಗಳು, ನನಗೆ ಗೊತ್ತಿರೋ ಉತ್ತರಗಳು

ನಮ್ಮ ಸೋದರಮಾವ ಮರಗೆಲಸ ಮಾಡೋರು, ಮೂವತ್ತೈದು ವರ್ಷ ಅದೇ ಕೆಲಸ. ಅವರಿಗೆ ಬಲಗೆನ್ನೆ ಒಳಗಿರೋ ಸೈನಸ್ಸಲ್ಲಿ ಕ್ಯಾನ್ಸರ್ ಬಂತು, ಆಪರೇಷನ್ ಆಗಿ ಕರೆಂಟ್ (ರೇಡಿಯೇಷನ್) ಕೊಡಿಸಿ ಮೂರು ವರ್ಷ ಆಯ್ತು. ಫೈಲ್ ಹಿಡ್ಕೊಂಡು ಆಸ್ಪತ್ರೆ ಅಲೆದಿದ್ದು ನಾನೇ ಆದ್ರಿಂದ ಈಗ ನೆಂಟರಲ್ಲಿ ಯಾರಿಗೆ ಮೂಗು ಕಟ್ಟಿದ್ರೂ ಮೊದಲು ನನಗೆ ಫೋನ್ ಬರತ್ತೆ. ನಾನು ಡಾಕ್ಟರ್ ಅಲ್ಲ, ಆದ್ರೆ ಡಾಕ್ಟರ್‌ಗಳನ್ನ ಪ್ರಶ್ನೆ ಕೇಳಿ ಕೇಳಿ ತಲೆ ತಿಂದಿದೀನಿ, ಓದಿದೀನಿ. ಅದೇ ಉತ್ತರ ಪ್ರತಿ ಸಲ ಫೋನಲ್ಲಿ ಹೇಳೋ ಬದಲು ಇಲ್ಲಿ ಒಂದ್ಸಲ ಬರೆದುಬಿಡ್ತೀನಿ.

ಸೈನಸ್ ಅನ್ನೋದೇ ಒಂದು ಕಾಯಿಲೆ ಅಲ್ವಾ? ಕಾಯಿಲೆಗೆ ಕ್ಯಾನ್ಸರ್ ಹೆಂಗೆ ಬರತ್ತೆ?

ನಾವೆಲ್ಲ "ನನಗೆ ಸೈನಸ್ ಇದೆ" ಅಂತ ಹೇಳಿ ಹೇಳಿ ಹಂಗಾಗಿಬಿಟ್ಟಿದೆ. ಸೈನಸ್ ಎಲ್ರಿಗೂ ಇರತ್ತೆ. ಮುಖದ ಮೂಳೆ ಒಳಗಿರೋ ಗಾಳಿ ತುಂಬಿದ ಗೂಡುಗಳಿಗೆ ಆ ಹೆಸರು. ನಾಲ್ಕು ಜೊತೆ ಇವೆ: ಕೆನ್ನೆ ಒಳಗೆ ಒಂದು ಜೊತೆ, ಎರಡು ಕಣ್ಣಿನ ನಡುವೆ ಜೇನುಗೂಡಿನ ತರ ಸಣ್ಣ ಸಣ್ಣ ಕೋಣೆಗಳು, ಹಣೆಯಲ್ಲಿ ಒಂದು ಜೊತೆ, ಆಮೇಲೆ ಮೂಗಿನ ತುಂಬಾ ಹಿಂದೆ ತಲೆ ಮಧ್ಯದಲ್ಲಿ ಒಂದು ಜೊತೆ. ಇವುಗಳ ಒಳಗೋಡೆಗೆ ತೆಳ್ಳಗಿನ ಪೊರೆ ಇರತ್ತೆ, ಅದಕ್ಕೆ ಸೋಂಕಾಗಿ ಊದಿಕೊಂಡ್ರೆ ಸೈನಸೈಟಿಸ್, ನಾವು ಸೈನಸ್ ಅಂತ ಒದ್ದಾಡೋದು ಅದನ್ನ. ಅದೇ ಪೊರೆಯ ಕಣಗಳು ಅಡ್ಡಾದಿಡ್ಡಿ ಬೆಳೆಯೋಕೆ ಶುರುವಾದ್ರೆ ಕ್ಯಾನ್ಸರ್.

ಜಾಸ್ತಿ ಕಾಣೋದು ಕೆನ್ನೆಯ ಸೈನಸ್ಸಲ್ಲಿ, ಡಾಕ್ಟರ್ ಚೀಟಿಲಿ ಮ್ಯಾಕ್ಸಿಲರಿ ಅಂತ ಬರೆದಿರ್ತಾರೆ. ಆಮೇಲೆ ಮೂಗಿನ ಒಳಗೆ ಮತ್ತೆ ಕಣ್ಣುಗಳ ನಡುವಿನ ಎತ್ಮಾಯ್ಡ್. ಹಣೆದೂ ಹಿಂದಿಂದೂ ತೀರಾ ಅಪರೂಪ.

ಕೆನ್ನೆ ಸೈನಸ್ಸಿನ ಅಳತೆ ದೊಡ್ಡೋರಲ್ಲಿ ಸುಮಾರು 15 ಎಂಎಲ್, ಅಂದ್ರೆ ಕೆಮ್ಮಿನ ಸಿರಪ್ ಮೇಲಿರೋ ಅಳತೆ ಮುಚ್ಚಳದಷ್ಟು ಜಾಗ. ಆದ್ರೆ ಅದು ಖಾಲಿ ಜಾಗ ನೋಡಿ, ಗಡ್ಡೆ ಯಾರಿಗೂ ತೊಂದ್ರೆ ಕೊಡದೆ ಆ ಖಾಲಿ ಜಾಗ ತುಂಬೋವರೆಗೂ ಬೆಳೀಬಹುದು. ಮೂಳೆ ಕೊರೆದು ಹೊರಗೆ ಬರೋಕೆ ಶುರು ಮಾಡಿದಾಗ್ಲೇ ಗೊತ್ತಾಗೋದು, ಈ ಕ್ಯಾನ್ಸರ್ ತಡವಾಗಿ ಸಿಗೋದಕ್ಕೆ ದೊಡ್ಡ ಕಾರಣನೇ ಅದು.

ನನಗೆ ಹತ್ತು ವರ್ಷದಿಂದ ಸೈನಸ್ ತೊಂದ್ರೆ ಇದೆ, ಕ್ಯಾನ್ಸರ್ ಆಗಿಬಿಡತ್ತಾ?

ಅತಿ ಹೆಚ್ಚು ಬರೋ ಪ್ರಶ್ನೆ ಇದು, ಅದೂ ರಾತ್ರಿ ಹತ್ತು ಗಂಟೆ ಮೇಲೆ. ಹೆದರ್ಕೋಬೇಡಿ. ಇದು ಬಹಳ ಅಪರೂಪದ ಕ್ಯಾನ್ಸರ್, ವರ್ಷಕ್ಕೆ ಒಂದು ಲಕ್ಷ ಜನಕ್ಕೆ ಒಬ್ಬರಿಗೂ ಬರಲ್ಲ ಅನ್ನೋ ಲೆಕ್ಕ, ತಲೆ ಕತ್ತಿನ ಕ್ಯಾನ್ಸರ್‌ಗಳನ್ನೆಲ್ಲ ಒಟ್ಟು ಸೇರಿಸಿದ್ರೂ ಅದ್ರಲ್ಲಿ ಇದು ನೂರಕ್ಕೆ ಮೂರೋ ಐದೋ. ಬೆಳಿಗ್ಗೆ ಎದ್ದು ಇಪ್ಪತ್ತು ಸೀನು ಸೀನೋರು, ಧೂಳು ಕಂಡ್ರೆ ಮೂಗು ಸೋರೋರು, ತಲೆಗೆ ಸ್ನಾನ ಮಾಡಿದ್ರೆ ಹಣೆ ಭಾರ ಆಗೋರು, ನಮ್ಮ ಬೆಂಗಳೂರಲ್ಲಿ ಅರ್ಧ ಊರು ಹಂಗೇ ಇದೆ, ಅದು ಅಲರ್ಜಿ, ಕ್ಯಾನ್ಸರ್ ಅಲ್ಲ.

ಆದ್ರೆ ಈ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಹತ್ತು ವರ್ಷದಿಂದ ಸೈನಸ್ ಇರೋರಿಗೆ ಹನ್ನೊಂದನೇ ವರ್ಷ ಬೇರೆ ಏನೋ ಬಂದ್ರೂ "ಅಯ್ಯೋ ಅದು ನನ್ನ ಹಳೇ ಸೈನಸ್ಸು" ಅಂತ ಸುಮ್ಮನಾಗಿಬಿಡ್ತಾರೆ. ನಮ್ಮ ಮಾವ ಮಾಡಿದ್ದೂ ಅದೇ, ಎಂಟು ತಿಂಗಳು ಹಂಗೇ ತಳ್ಳಿದ್ರು.

ಹಂಗಾದ್ರೆ ಯಾವಾಗ ಅನುಮಾನ ಪಡಬೇಕು?

ಒಂದೇ ಕಡೆ. ಈ ಎರಡು ಪದ ನೆನಪಿಟ್ಕೊಂಡ್ರೆ ಸಾಕು. ನೆಗಡಿ ಅಲರ್ಜಿ ಸಾಮಾನ್ಯವಾಗಿ ಎರಡೂ ಹೊಳ್ಳೆ ಹಿಡಿಯತ್ತೆ, ಒಂದ್ಸಲ ಎಡ ಕಟ್ಟತ್ತೆ ಒಂದ್ಸಲ ಬಲ ಕಟ್ಟತ್ತೆ, ಬರತ್ತೆ ಹೋಗತ್ತೆ. ದೊಡ್ಡೋರಲ್ಲಿ ಒಂದೇ ಹೊಳ್ಳೆ ಕಟ್ಟಿ ಮೂರು ವಾರ ಆದ್ರೂ ಬಿಡ್ತಿಲ್ಲ, ಆ ಕಡೆಯಿಂದನೇ ಸಿಂಬಳದ ಜೊತೆ ರಕ್ತ ಬರ್ತಿದೆ ಅಂದ್ರೆ, ಅದು ಜಾಸ್ತಿ ರಕ್ತ ಆಗಬೇಕಂತಿಲ್ಲ, ಕರ್ಚೀಫಲ್ಲಿ ಕೆಂಪು ಗೀರಿದ್ರೂ ಸಾಕು, ಇಎನ್‌ಟಿ ಹತ್ರ ಹೋಗಿ ಮೂಗೊಳಗೆ ಸ್ಕೋಪ್ ಹಾಕಿಸಿ ನೋಡಿಸಿ. ಇದು ಹೆಚ್ಚಿನ ಸಲ ಬೇರೆ ಏನಾದ್ರೂ ಆಗಿರತ್ತೆ, ಫಂಗಸ್ ಆಗಿರಬಹುದು, ಹಲ್ಲಿನಿಂದ ಬಂದ ಸೋಂಕಾಗಿರಬಹುದು, ಮೂಗಿನ ನಡುಗೋಡೆ ಡೊಂಕಾಗಿರಬಹುದು. ನೋಡಿದ್ರೆ ತಾನೆ ಗೊತ್ತಾಗೋದು.

ಇನ್ನು ಗಡ್ಡೆ ಯಾವ ಗೋಡೆ ಕಡೆ ಒತ್ತತ್ತೋ ಆ ಕಡೆಯ ಲಕ್ಷಣ ಬರತ್ತೆ. ಕೆನ್ನೆ ಸೈನಸ್ಸನ್ನ ಒಂದು ರೂಮು ಅಂದ್ಕೊಳ್ಳಿ. ಅದರ ಮೇಲಿನ ತಾರಸಿ ಕಣ್ಣಿನ ಗೂಡಿನ ನೆಲ. ಗಡ್ಡೆ ಅಲ್ಲಿ ಒತ್ತಿದ್ರೆ ಕಣ್ಣು ಮುಂದಕ್ಕೆ ಬರತ್ತೆ, ಒಂದು ವಸ್ತು ಎರಡಾಗಿ ಕಾಣತ್ತೆ, ಕಣ್ಣೀರು ಹೋಗೋ ನಾಳ ಕಟ್ಟಿಕೊಂಡು ಒಂದೇ ಕಣ್ಣಲ್ಲಿ ಸುಮ್ಮಸುಮ್ಮನೆ ನೀರು ಸುರಿಯತ್ತೆ. ನೆಲ ಅಂದ್ರೆ ಬಾಯಿಯ ಅಂಗುಳ ಮತ್ತೆ ಮೇಲಿನ ದವಡೆ ಹಲ್ಲಿನ ಬೇರು, ಅಲ್ಲಿಗೆ ಬಂದ್ರೆ ಹಲ್ಲು ಅಲ್ಲಾಡತ್ತೆ, ಅಂಗುಳ ಊದತ್ತೆ, ಹಲ್ಲಿನ ಸೆಟ್ ಹಾಕ್ಕೊಳೋರಿಗೆ ನಿನ್ನೆವರೆಗೂ ಸರಿಯಾಗಿ ಕೂರ್ತಿದ್ದ ಸೆಟ್ ಇವತ್ತು ಕೂರಲ್ಲ. ಮುಂದಿನ ಗೋಡೆ ಅಂದ್ರೆ ಕೆನ್ನೆ, ಅಲ್ಲೊಂದು ನರ ಹಾದುಹೋಗತ್ತೆ, ಅದಕ್ಕೆ ಪೆಟ್ಟಾದ್ರೆ ಕೆನ್ನೆ ಮೇಲ್ದುಟಿ ಜೋಮು. ನಮ್ಮ ಮಾವನಿಗೆ ಮೊದಲು ಗೊತ್ತಾಗಿದ್ದು ಕಟಿಂಗ್ ಶಾಪಲ್ಲಿ, ಶೇವಿಂಗ್ ಮಾಡೋವಾಗ ಬಲಗಡೆ ಬ್ಲೇಡ್ ಆಡ್ತಿರೋದೇ ಗೊತ್ತಾಗ್ತಿಲ್ಲ ಅಂದ್ರಂತೆ, ಶಾಪಿನವನು "ಗಾಳಿ ಹೊಡೆದಿರ್ಬೇಕು ಅಣ್ಣ" ಅಂದು ಇನ್ನೊಂದು ರೌಂಡ್ ಮಸಾಜ್ ಮಾಡಿ ಕಳಿಸಿದಾನೆ. ಹಿಂದಿನ ಗೋಡೆ ದಾಟಿದ್ರೆ ಅಗಿಯೋ ಸ್ನಾಯುಗಳಿಗೆ ತಾಗಿ ಬಾಯಿ ಪೂರ್ತಿ ತೆಗೆಯೋಕಾಗಲ್ಲ, ಮುದ್ದೆ ನುಂಗೋಕೂ ಕಷ್ಟ.

ಕೆನ್ನೆ ಜೋಮು ಹಿಡಿಯೋದು ಮಾಮೂಲಿ ಸೈನಸೈಟಿಸಲ್ಲಿ ಆಗಲ್ಲ. ಅದೊಂದು ಲಕ್ಷಣ ಇದ್ರೆ ಮೂರು ವಾರನೂ ಕಾಯೋದು ಬೇಡ.

ಹಲ್ಲು ಅಲ್ಲಾಡ್ತಿದ್ರೆ ಕೀಳಿಸಿಬಿಡೋದಲ್ವಾ?

ವಸಡು ಕೆಟ್ಟು ಹಲ್ಲು ಅಲ್ಲಾಡೋದು ಬೇರೆ. ವಸಡು ಚೆನ್ನಾಗಿದೆ, ಹುಳುಕಿಲ್ಲ, ಮೇಲಿನ ದವಡೆಯ ಎರಡು ಮೂರು ಹಲ್ಲು ಒಂದೇ ಜಾಗದಲ್ಲಿ ಒಟ್ಟಿಗೆ ಅಲ್ಲಾಡ್ತಿವೆ ಅಂದ್ರೆ ಕೀಳೋಕೆ ಮುಂಚೆ ಒಂದು ಎಕ್ಸ್‌ರೇನೋ ಸ್ಕ್ಯಾನೋ ಮಾಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಮಾವನಿಗೆ ಒಂದು ಕ್ಲಿನಿಕಲ್ಲಿ ಎರಡು ದವಡೆ ಹಲ್ಲು ಕಿತ್ತರು. ತೂತು ಒಂದು ತಿಂಗಳಾದ್ರೂ ಕೂಡ್ಕೊಳ್ಳಲಿಲ್ಲ, ಒಳಗಿಂದ ಮಾಂಸ ತರ ಏನೋ ಉಬ್ಬಿ ಬಂತು, ಕಾಫಿ ಕುಡಿದ್ರೆ ಮೂಗಲ್ಲಿ ಬರೋಕೆ ಶುರುವಾಯ್ತು. ಆಗ ಅವರೇ ಹೆದರಿ ದೊಡ್ಡ ಆಸ್ಪತ್ರೆಗೆ ಹೋಗಿ ಅಂದ್ರು. ಬೈದು ಪ್ರಯೋಜನ ಇಲ್ಲ, ಬಹಳ ಡೆಂಟಿಸ್ಟ್‌ಗಳು ಜೀವಮಾನದಲ್ಲಿ ಇಂಥದ್ದು ಒಂದು ಕೇಸೂ ನೋಡಿರಲ್ಲ. ಇನ್ನೊಂದು ಮಾತು, ಇದೇ ಡೆಂಟಿಸ್ಟ್‌ಗಳು ಎಷ್ಟೋ ಜನಕ್ಕೆ ಮೊದಲು ಕಂಡುಹಿಡಿಯೋರೂ ಹೌದು.

ಬ್ಲ್ಯಾಕ್ ಫಂಗಸ್ ಮತ್ತೆ ಇದು ಒಂದೇನಾ?

ಅಲ್ಲ. 2021ರಲ್ಲಿ ಕೊರೋನಾ ಎರಡನೇ ಅಲೆ ಟೈಮಲ್ಲಿ ಎಲ್ಲಾ ಕಡೆ ಕೇಳಿದ್ವಲ್ಲ, ಅದು ಮ್ಯೂಕರ್ ಅನ್ನೋ ಬೂಷ್ಟು, ಸಕ್ಕರೆ ಕಾಯಿಲೆ ಕಂಟ್ರೋಲಲ್ಲಿ ಇಲ್ಲದೋರಿಗೆ, ಸ್ಟೀರಾಯ್ಡ್ ಜಾಸ್ತಿ ತಗೊಂಡೋರಿಗೆ ಬಂದಿದ್ದು. ಹೊರಗಿಂದ ನೋಡೋಕೆ ಎರಡೂ ಒಂದೇ ತರ: ಕೆನ್ನೆ ಊತ, ಅಂಗುಳದಲ್ಲಿ ಹುಣ್ಣು, ಕಣ್ಣು ಮುಂದೆ ಬರೋದು. ವ್ಯತ್ಯಾಸ ವೇಗದಲ್ಲಿ. ಫಂಗಸ್ ದಿನಗಳ ಲೆಕ್ಕದಲ್ಲಿ ಓಡತ್ತೆ, ಕ್ಯಾನ್ಸರ್ ತಿಂಗಳುಗಳ ಲೆಕ್ಕದಲ್ಲಿ. ಮ್ಯೂಕರ್ ಅನುಮಾನ ಇದ್ರೆ ಅದೇ ದಿನ ಆಸ್ಪತ್ರೆ, ನಾಳೆ ಅನ್ನೋ ಹಂಗಿಲ್ಲ. ಖಾತ್ರಿ ಆಗೋದು ಎರಡಕ್ಕೂ ತುಂಡು ತೆಗೆದು ಟೆಸ್ಟ್ ಮಾಡಿದ ಮೇಲೇನೇ.

ಮೂಗಲ್ಲಿ ದುರ್ಮಾಂಸ ಬೆಳೆದಿದೆ ಅಂದಿದಾರೆ, ಅದು ಕ್ಯಾನ್ಸರಾ?

ದುರ್ಮಾಂಸ ಅಂತ ನಾವು ಹೇಳೋದು ಹೆಚ್ಚಾಗಿ ಪಾಲಿಪ್, ಅಲರ್ಜಿಯಿಂದ ಪೊರೆ ಊದಿ ದ್ರಾಕ್ಷಿ ತರ ನೇತಾಡೋದು, ಸಾಮಾನ್ಯವಾಗಿ ಎರಡೂ ಕಡೆ ಇರತ್ತೆ, ಕ್ಯಾನ್ಸರ್ ಅಲ್ಲ. ಒಂದೇ ಕಡೆ ಇದ್ರೆ ಮಾತ್ರ ಹುಷಾರು. ಇನ್ವರ್ಟೆಡ್ ಪ್ಯಾಪಿಲೋಮಾ ಅಂತ ಒಂದಿದೆ, ಅದು ಕ್ಯಾನ್ಸರ್ ಅಲ್ಲದ ಗಡ್ಡೆ, ಆದ್ರೆ ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಅದರೊಳಗೇ ಕ್ಯಾನ್ಸರ್ ಇರತ್ತೆ ಅಥವಾ ಮುಂದೆ ಆಗತ್ತೆ, ಮತ್ತೆ ಮತ್ತೆ ಬೆಳೆಯೋ ಸ್ವಭಾವ ಬೇರೆ. ಅದಕ್ಕೇ ಪಾಲಿಪ್ ತೆಗೆದ ಮೇಲೆ ಆ ಮಾಂಸನ ಲ್ಯಾಬಿಗೆ ಕಳಿಸಿದ್ರಾ ಅಂತ ತಪ್ಪದೆ ಕೇಳಿ, ರಿಪೋರ್ಟ್ ಇಸ್ಕೊಂಡು ಇಟ್ಕೊಳ್ಳಿ.

ಇದು ಬರೋದಕ್ಕೆ ಕಾರಣ ಏನು? ಮರದ ಧೂಳಿಂದ ಬರತ್ತೆ ಅನ್ನೋದು ನಿಜಾನಾ?

ನಿಜ. ನಾನೂ ಮೊದಲು ನಂಬಿರಲಿಲ್ಲ. ಇಂಗ್ಲೆಂಡಲ್ಲಿ ಹೈ ವೈಕಂಬ್ ಅಂತ ಒಂದು ಊರು, ಕುರ್ಚಿ ಮೇಜು ಮಾಡೋದಕ್ಕೇ ಹೆಸರುವಾಸಿ. ಅಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಅಂತ ಒಬ್ಬ ಲೇಡಿ ಇಎನ್‌ಟಿ ಸರ್ಜನ್ ಇದ್ರು, ಅವರಿಗೆ ಒಂದು ವಿಷಯ ವಿಚಿತ್ರ ಅನ್ನಿಸ್ತು, ಎಲ್ಲೋ ಅಪರೂಪಕ್ಕೆ ಸಿಗಬೇಕಾದ ಮೂಗಿನ ಕ್ಯಾನ್ಸರ್ ನಮ್ಮೂರಲ್ಲಿ ಯಾಕೆ ಇಷ್ಟು ಸಿಗ್ತಿದೆ, ಅದೂ ಬರೋರೆಲ್ಲ ಫರ್ನಿಚರ್ ಕೆಲಸದೋರೇ ಯಾಕೆ ಅಂತ. ಆಕ್ಸ್‌ಫರ್ಡಿನ ಡಾಕ್ಟರ್ ಮ್ಯಾಕ್‌ಬೆತ್, ಆಮೇಲೆ ಡೊನಾಲ್ಡ್ ಅಚೆಸನ್ ಎಲ್ಲ ಸೇರಿ ಲೆಕ್ಕ ಹಾಕಿ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ ಬರೆದ್ರು. ಆಮೇಲೆ ನಾರ್ತಾಂಪ್ಟನ್ ಕಡೆ ಬೂಟು ಮಾಡೋ ಫ್ಯಾಕ್ಟರಿ ಕೆಲಸಗಾರರಲ್ಲೂ ಇದೇ ಕತೆ, ಅಲ್ಲಿ ಚರ್ಮದ ಧೂಳು. ವೇಲ್ಸಿನ ನಿಕಲ್ ಶುದ್ಧೀಕರಣ ಫ್ಯಾಕ್ಟರಿಯಲ್ಲೂ ಕಂಡಿತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು ಮರದ ಧೂಳು, ಚರ್ಮದ ಧೂಳು, ನಿಕಲ್ ಸಂಯುಕ್ತಗಳು ಮೂರನ್ನೂ ಒಂದನೇ ಗುಂಪಿಗೆ ಸೇರಿಸಿದಾರೆ, ಅಂದ್ರೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಪಟ್ಟಿ, ಸಿಗರೇಟು ಇರೋ ಪಟ್ಟಿನೇ ಅದು.

ಗಟ್ಟಿ ಮರದ ಧೂಳು ಜಾಸ್ತಿ ಕೆಟ್ಟದ್ದು, ಅದರಲ್ಲೂ ಗರಗಸದಿಂದ ಬೀಳೋ ದಪ್ಪ ಹೊಟ್ಟಲ್ಲ, ಉಪ್ಪುಕಾಗದ ಉಜ್ಜೋವಾಗ, ಸ್ಯಾಂಡರ್ ಮಿಷಿನ್ ಆಡಿಸೋವಾಗ ಏಳೋ ಹಿಟ್ಟಿನಂಥ ಪುಡಿ. ಅದು ಮೂಗಿನ ಮೇಲ್ಭಾಗದಲ್ಲಿ ಹೋಗಿ ಕೂರತ್ತೆ. ಈ ಧೂಳಿಂದ ಬರೋದು ಹೆಚ್ಚಾಗಿ ಅಡಿನೋಕಾರ್ಸಿನೋಮಾ ಅನ್ನೋ ಜಾತಿ, ಎತ್ಮಾಯ್ಡ್ ಜಾಗದಲ್ಲಿ. ನಮ್ಮ ಮಾವನಿಗೆ ಬಂದಿದ್ದು ಸ್ಕ್ವಾಮಸ್ ಸೆಲ್ ಜಾತಿ, ಕೆನ್ನೆಯಲ್ಲಿ, ಜೊತೆಗೆ ಬೀಡಿನೂ ಸೇದ್ತಿದ್ರು, ಹಾಗಾಗಿ ಇಂಥದ್ದರಿಂದಲೇ ಅಂತ ಬೆರಳು ಮಾಡಿ ತೋರಿಸೋಕಾಗಲ್ಲ ಅಂತ ಡಾಕ್ಟರ್ ಹೇಳಿದ್ರು. ಧೂಳು ಕುಡಿದ ಕಾಲಕ್ಕೂ ಕಾಯಿಲೆ ಬರೋ ಕಾಲಕ್ಕೂ ಮಧ್ಯೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಇರತ್ತೆ, ಅದಕ್ಕೇ ಕೆಲಸ ಬಿಟ್ಟು ಮನೇಲಿ ಕೂತ ಮೇಲೂ ಬರಬಹುದು.

ನಮ್ಮಲ್ಲಿ ಪೇಶೆಂಟ್ ಚೀಟಿ ಮಾಡಿಸೋವಾಗ ಉದ್ಯೋಗ ಅಂತ ಇರೋ ಕಡೆ ಕೂಲಿ ಅಂತ ಬರೆದು ಮುಗಿಸ್ತಾರೆ. ಆಚಾರಿ ಕೆಲಸನಾ, ಸಾ ಮಿಲ್ಲಾ, ಪ್ಲೈವುಡ್ ಫ್ಯಾಕ್ಟರಿನಾ, ಚಪ್ಪಲಿ ಕೆಲಸನಾ ಅಂತ ನೀವಾಗೇ ಡಾಕ್ಟರ್‌ಗೆ ಹೇಳಿ. ನಮ್ಮನ್ನ ಮೂರು ಕಡೆ ಯಾರೂ ಕೇಳಲಿಲ್ಲ, ನಾಲ್ಕನೇ ಕಡೆ ಒಬ್ಬ ಚಿಕ್ಕ ವಯಸ್ಸಿನ ಪಿಜಿ ಡಾಕ್ಟರ್ ಹುಡುಗಿ ಕೇಳಿದ್ಲು.

ಬೀಡಿ ಸಿಗರೇಟು, ಗುಟ್ಕಾ, ನಶ್ಯ?

ಬೀಡಿ ಸಿಗರೇಟು ಸ್ಕ್ವಾಮಸ್ ಜಾತಿದಕ್ಕೆ ಕಾರಣ ಆಗತ್ತೆ. ಗುಟ್ಕಾ, ಹೊಗೆಸೊಪ್ಪು ಹಾಕ್ಕೊಳೋದ್ರಿಂದ ಮುಖ್ಯವಾಗಿ ಬಾಯಿ ಕ್ಯಾನ್ಸರ್, ಆದ್ರೆ ಮೇಲಿನ ವಸಡಲ್ಲಿ ಅಂಗುಳದಲ್ಲಿ ಶುರುವಾಗಿದ್ದು ಮೂಳೆ ಕೊರೆದು ಮೇಲೆ ಸೈನಸ್ಸಿಗೂ ಹತ್ತತ್ತೆ, ಎಲ್ಲಿ ಶುರುವಾಯ್ತು ಅಂತ ಹೇಳೋದೇ ಕಷ್ಟ ಆಗೋಷ್ಟು. ನಶ್ಯನೂ ಹೊಗೆಸೊಪ್ಪೇ, ಮೂಗು ಬಿಡತ್ತೆ ಅಂತ ಏರಿಸೋರು ಬಿಟ್ರೆ ಒಳ್ಳೇದು.

ಮರಗೆಲಸ ಮಾಡೋರು ಏನ್ ಮಾಡ್ಬೇಕು, ಕೆಲಸ ಬಿಡೋಕಾಗತ್ತಾ?

ಬಿಡೋದು ಬೇಡ. ಟವಲ್ ಮೂಗಿಗೆ ಕಟ್ಕೊಳೋದ್ರಿಂದ ಸಣ್ಣ ಧೂಳು ನಿಲ್ಲಲ್ಲ, ಎನ್95 ಮಾಸ್ಕ್ ಗಟ್ಟಿಯಾಗಿ ಕೂರೋ ಹಂಗೆ ಹಾಕಿ. ಅದಕ್ಕಿಂತ ಮುಖ್ಯ ಧೂಳು ಏಳೋ ಜಾಗದಲ್ಲೇ ಎಳ್ಕೊಳೋ ವ್ಯಾಕ್ಯೂಮ್, ಈಗ ಸ್ಯಾಂಡರ್‌ಗೆ ಪೈಪ್ ಸಿಕ್ಕಿಸೋ ಹಂಗೇ ಬರ್ತವೆ. ಒಣ ಪೊರಕೆಯಲ್ಲಿ ಗುಡಿಸಬೇಡಿ. ಆಮೇಲೆ ಸಂಜೆ ಮನೆಗೆ ಹೊರಡೋವಾಗ ಕಂಪ್ರೆಸರ್ ಗಾಳಿ ಬಿಟ್ಕೊಂಡು ಬಟ್ಟೆ ಕೊಡವ್ಕೊಳ್ತಾರಲ್ಲ, ಅದೊಂದು ನಿಲ್ಲಿಸಿ ಮಾರಾಯ್ರೆ, ದಿನವಿಡೀ ತಪ್ಪಿಸ್ಕೊಂಡಿದ್ದ ಧೂಳನ್ನೆಲ್ಲ ಒಂದೇ ನಿಮಿಷದಲ್ಲಿ ಎಳ್ಕೊಂಡಂಗೆ.

ಯಾವ್ಯಾವ ಟೆಸ್ಟ್ ಮಾಡ್ತಾರೆ?

ಮೊದಲು ಮೂಗೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡೋದು, ಮರಗಟ್ಟೋ ಸ್ಪ್ರೇ ಹೊಡೀತಾರೆ, ಐದು ಹತ್ತು ನಿಮಿಷದ ಕೆಲಸ, ಕಣ್ಣಲ್ಲಿ ನೀರು ಬರತ್ತೆ ಅಷ್ಟೇ. ಆಮೇಲೆ ಸಿಟಿ ಸ್ಕ್ಯಾನ್, ಮೂಳೆ ಎಲ್ಲಿ ತಿಂದಿದೆ ಅನ್ನೋದು ಅದ್ರಲ್ಲಿ ಚೆನ್ನಾಗಿ ಕಾಣತ್ತೆ. ಎಂಆರ್‌ಐಯಲ್ಲಿ ಕಣ್ಣು, ಮೆದುಳು, ನರದ ಕಡೆ ಹೋಗಿದೆಯಾ ಅಂತ ಕಾಣತ್ತೆ, ಸೈನಸ್ಸಲ್ಲಿ ಕಟ್ಟಿಕೊಂಡಿರೋ ಬರೀ ಕೀವು ಯಾವುದು ಗಡ್ಡೆ ಯಾವುದು ಅಂತ ಬೇರೆ ಮಾಡಿ ತೋರಿಸೋದೂ ಅದೇ. ಹಾಗಾಗಿ ಎರಡೂ ಯಾಕೆ, ದುಡ್ಡು ಮಾಡೋಕಾ ಅಂತ ಕೇಳ್ಬೇಡಿ, ನಾನು ಕೇಳಿ ಮಂಗಳಾರತಿ ಮಾಡಿಸ್ಕೊಂಡಿದೀನಿ. ದೊಡ್ಡ ಹಂತದ್ದಾದ್ರೆ ಎದೆಯ ಸ್ಕ್ಯಾನ್ ಅಥವಾ ಪೆಟ್ ಸ್ಕ್ಯಾನ್ ಕೂಡ.

ತುಂಡು ತೆಗೆಯೋದು ಸಾಮಾನ್ಯವಾಗಿ ಸ್ಕ್ಯಾನ್ ಆದ ಮೇಲೆ. ಕೆಲವು ಗಡ್ಡೆಗಳಲ್ಲಿ ರಕ್ತನಾಳ ವಿಪರೀತ ಇರತ್ತೆ, ಅದ್ರಲ್ಲೂ ಹದಿಹರೆಯದ ಗಂಡು ಹುಡುಗರಿಗೆ ಬರೋ ಆಂಜಿಯೋಫೈಬ್ರೋಮಾ ಅಂತ ಕ್ಯಾನ್ಸರ್ ಅಲ್ಲದ ಗಡ್ಡೆ, ಅದನ್ನ ನೋಡದೆ ಕುಯ್ದ್ರೆ ರಕ್ತ ನಿಲ್ಲಿಸೋದೇ ಕಷ್ಟ.

ತುಂಡು ತೆಗೆದ್ರೆ ಕ್ಯಾನ್ಸರ್ ಕೆರಳಿ ಹರಡತ್ತಂತೆ?

ಇಲ್ಲ. ತುಂಡು ತೆಗೀದೆ ಯಾವ ಜಾತಿ ಅಂತ ಗೊತ್ತಾಗಲ್ಲ, ಜಾತಿ ಗೊತ್ತಾಗದೆ ಟ್ರೀಟ್ಮೆಂಟ್ ಇಲ್ಲ. ಈ ಸಣ್ಣ ಜಾಗದಲ್ಲಿ ಹತ್ತಾರು ಜಾತಿಯ ಗಡ್ಡೆ ಬೆಳೀತವೆ: ಸ್ಕ್ವಾಮಸ್, ಅಡಿನೋಕಾರ್ಸಿನೋಮಾ, ನರದ ಗುಂಟ ತೆವಳಿಕೊಂಡು ಹೋಗೋ ಅಡಿನಾಯ್ಡ್ ಸಿಸ್ಟಿಕ್, ವಾಸನೆ ನರದಿಂದ ಹುಟ್ಟೋದು ಒಂದು, ಮೆಲನೋಮಾ, ಲಿಂಫೋಮಾ. ಲಿಂಫೋಮಾ ಆದ್ರೆ ದೊಡ್ಡ ಆಪರೇಷನ್ ಬೇಡವೇ ಬೇಡ, ಕೀಮೋ ಮತ್ತೆ ಕರೆಂಟಲ್ಲೇ ನೋಡ್ಕೊಳ್ತಾರೆ. ಯೋಚನೆ ಮಾಡಿ, ತುಂಡು ತೆಗೆಸೋಕೆ ಹೆದರಿ ಸುಮ್ಮನೆ ಮುಖ ಕುಯ್ಸಿಕೊಂಡ್ರೆ? ರಿಪೋರ್ಟಲ್ಲಿ ಗೊಂದಲ ಇದ್ರೆ ಸ್ಲೈಡ್ ಮತ್ತೆ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ವಾಪಸ್ ಇಸ್ಕೊಂಡು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಂದ್ಸಲ ಓದಿಸಬಹುದು, ಅದು ನಿಮ್ಮ ಹಕ್ಕು.

ಟ್ರೀಟ್ಮೆಂಟ್ ಏನು? ಮುಖ ಪೂರ್ತಿ ಕೆಡಿಸಿಬಿಡ್ತಾರಾ?

ಹೆಚ್ಚಿನವರಿಗೆ ಮೊದಲು ಆಪರೇಷನ್, ಆಮೇಲೆ ಕರೆಂಟ್ ಅಂದ್ರೆ ರೇಡಿಯೇಷನ್, ಬೇಕಾದ್ರೆ ಜೊತೆಗೆ ಸಿಸ್ಪ್ಲಾಟಿನ್ ಕೀಮೋ. ಕೆಲವು ಜಾತಿಗೆ, ಕೆಲವು ಜಾಗಕ್ಕೆ ಕೀಮೋ ಮೊದಲು ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಮುಂದಿನದು.

ಆಪರೇಷನ್ ಎಲ್ಲರಿಗೂ ಒಂದೇ ತರ ಅಲ್ಲ. ಮೂಗಿನ ಒಳಗಿರೋದು, ಎತ್ಮಾಯ್ಡಲ್ಲಿರೋದು, ಚಿಕ್ಕದಾಗಿದ್ರೆ ಈಗ ಮೂಗಿನ ತೂತಿನಿಂದನೇ ಎಂಡೋಸ್ಕೋಪಲ್ಲಿ ತೆಗೀತಾರೆ, ಹೊರಗೆ ಒಂದು ಗಾಯನೂ ಇರಲ್ಲ. ಕೆನ್ನೆ ಮೂಳೆ ತಿಂದಿದ್ರೆ ಮ್ಯಾಕ್ಸಿಲೆಕ್ಟಮಿ, ಅಂದ್ರೆ ಮೇಲ್ದವಡೆ ಮೂಳೆಯ ಒಂದು ಭಾಗನೋ ಪೂರ್ತಿನೋ ತೆಗೆಯೋದು. ಹೊರಗಿಂದ ಮಾಡಿದ್ರೆ ಮೇಲ್ದುಟಿ ನಡುವಿಂದ ಮೂಗಿನ ಪಕ್ಕದ ಗೆರೆಯಲ್ಲೇ ಹೋಗೋ ಹಂಗೆ ಕುಯ್ತಾರೆ. ಮಾವನ ಗಾಯ ಒಂದು ವರ್ಷದಲ್ಲಿ ಸುಕ್ಕಿನ ಜೊತೆ ಸೇರಿಹೋಯ್ತು, ಹೇಳದಿದ್ರೆ ಗೊತ್ತಾಗಲ್ಲ. ಮೆದುಳಿನ ತಳಕ್ಕೆ ತಾಗಿದ್ರೆ ನ್ಯೂರೋ ಸರ್ಜನ್ನೂ ಸೇರಬೇಕು. ಅದಕ್ಕೇ ನಾನು ಎಲ್ರಿಗೂ ಹೇಳೋದು, ಇಎನ್‌ಟಿ ಅಥವಾ ಹೆಡ್ ಅಂಡ್ ನೆಕ್ ಸರ್ಜನ್, ರೇಡಿಯೇಷನ್ ಡಾಕ್ಟರ್, ಕೀಮೋ ಕೊಡೋ ಮೆಡಿಕಲ್ ಆಂಕೋ, ದಂತ ಜೋಡಿಸೋರು ಎಲ್ಲ ಒಂದೇ ಕಡೆ ಕೂತು ಮಾತಾಡೋ ಆಸ್ಪತ್ರೆಗೆ ಹೋಗಿ, ಯಾಕಂದ್ರೆ ಮೊದಲ ಆಪರೇಷನ್ನೇ ಮುಖ್ಯ, ಅರ್ಧಂಬರ್ಧ ತೆಗೆಸ್ಕೊಂಡು ಬಂದ್ರೆ ಎರಡನೇ ಸಲ ತೆಗೆಯೋರಿಗೂ ಕಷ್ಟ.

ಕಣ್ಣು ತೆಗೀತಾರಂತೆ?

ಮಾವ ಆಪರೇಷನ್ ಹಿಂದಿನ ರಾತ್ರಿ ಕೇಳಿದ್ದು ಇದೊಂದೇ ಪ್ರಶ್ನೆ, "ಏನೋ, ಕಣ್ಣು ಉಳಿಯತ್ತೇನೋ?" ಅಂತ. ಎಲ್ಲರಿಗೂ ತೆಗೆಯಲ್ಲ. ಕಣ್ಣಿನ ಗೂಡಿನ ಮೂಳೆ ತಿಂದಿದ್ರೂ ಅದರ ಒಳಗಿರೋ ಪೊರೆ ದಾಟಿಲ್ಲ ಅಂದ್ರೆ ಕಣ್ಣು ಉಳಿಸೋಕೇ ನೋಡ್ತಾರೆ. ಪೊರೆ ದಾಟಿ ಒಳಗಿನ ಕೊಬ್ಬು, ಸ್ನಾಯುಗಳ ಒಳಕ್ಕೆ ಹೊಕ್ಕಿದ್ರೆ ಕಣ್ಣು ಬಿಡಬೇಕಾಗಬಹುದು. ಕೆಲವು ಸಲ ಆಪರೇಷನ್ ಮಧ್ಯದಲ್ಲೇ ತುಂಡು ಕಳಿಸಿ ನೋಡಿ ತೀರ್ಮಾನ ಮಾಡ್ತಾರೆ, ಅದಕ್ಕೇ ಮೊದಲೇ ಸಹಿ ತಗೊಂಡಿರ್ತಾರೆ. ಸಹಿ ಹಾಕೋ ಪೇಪರಲ್ಲಿ ಇದಿದೆ ಅಂತ ಕಂಡ ತಕ್ಷಣ ಕಣ್ಣು ಹೋಯ್ತು ಅಂತ ಅಲ್ಲ.

ಅಂಗುಳ ತೆಗೆದ್ರೆ ಊಟ ಹೆಂಗೆ, ಮಾತು ಹೆಂಗೆ?

ಅಂಗುಳ ಹೋದ್ರೆ ಬಾಯಿಗೂ ಮೂಗಿಗೂ ನಡುವೆ ಗೋಡೆ ಇಲ್ಲ. ನೀರು ಮೂಗಲ್ಲಿ ಬರತ್ತೆ, ಮಾತು ಮೂಗಲ್ಲಿ ಮಾತಾಡಿದಂಗೆ ಆಗಿ ಯಾರಿಗೂ ಅರ್ಥ ಆಗಲ್ಲ. ಇದಕ್ಕೆ ಎರಡು ದಾರಿ. ಒಂದು, ತೊಡೆಯಿಂದ ಮಾಂಸ ಅಥವಾ ಕಾಲಿನಿಂದ ಮೂಳೆ ಸಮೇತ ತಂದು ರಕ್ತನಾಳ ಜೋಡಿಸಿ ಮುಚ್ಚೋದು. ಇನ್ನೊಂದು ಆಬ್ಟ್ಯುರೇಟರ್, ಹಲ್ಲಿನ ಸೆಟ್ ತರಾನೇ ಇರತ್ತೆ ಆದ್ರೆ ಮೇಲ್ಗಡೆ ತೂತು ಮುಚ್ಚೋಕೆ ಒಂದು ಉಬ್ಬು. ಮಾವನಿಗೆ ಎರಡನೇದು.

ಒಂದೇ ಸಲ ಮಾಡಿ ಮುಗಿಯೋದಲ್ಲ ಅದು. ಆಪರೇಷನ್ ಟೇಬಲ್ ಮೇಲೇ ಒಂದು ಹಾಕ್ತಾರೆ, ಅದಕ್ಕೆ ಅಳತೆ ಮೊದಲೇ ತಗೊಂಡಿರಬೇಕು, ಆಪರೇಷನ್‌ಗೆ ಮುಂಚೆನೇ ದಂತ ವಿಭಾಗಕ್ಕೆ ಹೋಗಿ ಬಂದಿದೀರಾ ನೋಡ್ಕೊಳ್ಳಿ. ಗಾಯ ಮಾಯ್ತಾ ಜಾಗದ ಆಕಾರ ಬದಲಾಗ್ತಾ ಇರತ್ತೆ, ಆಗ ಮಧ್ಯಂತರದ್ದು ಒಂದು, ಕೆಲವು ತಿಂಗಳಾದ್ಮೇಲೆ ಕಾಯಂ ಆಗಿ ಒಂದು. ಮೊದಲೆರಡು ತಿಂಗಳು ನಮ್ಮನೇಲಿ ಗಂಜಿ, ರಾಗಿ ಅಂಬಲಿ, ಮೊಸರನ್ನ ಮಿಕ್ಸಿಗೆ ಹಾಕಿದ್ದು. ಸಾರಿನ ಒಗ್ಗರಣೆಯ ಒಂದು ಸಾಸಿವೆ ಕಾಳು ಮೂಗಿಂದ ಬಿದ್ದಾಗ ಮಾವ ಅತ್ತೂಬಿಟ್ರು ನಕ್ಕೂಬಿಟ್ರು. ಈಗ ಅದನ್ನ ಹಾಕ್ಕೊಂಡ್ರೆ ಫೋನಲ್ಲೂ ಮಾತು ಸ್ಪಷ್ಟ, ರಾತ್ರಿ ತೆಗೆದು ತೊಳೆದು ಸ್ಟೀಲ್ ಲೋಟದಲ್ಲಿ ನೀರು ಹಾಕಿ ಇಡ್ತಾರೆ.

ಕರೆಂಟ್ ಕೊಡೋವಾಗ ನೋವಾಗತ್ತಾ?

ಕೊಡೋವಾಗ ಏನೂ ಗೊತ್ತಾಗಲ್ಲ, ಎಕ್ಸ್‌ರೇ ತೆಗೆಸ್ಕೊಂಡಂಗೆ. ತಲೆ ಅಲ್ಲಾಡಬಾರದು ಅಂತ ಮುಖಕ್ಕೆ ಅಚ್ಚು ತೆಗೆದು ಬಲೆ ತರದ ಪ್ಲಾಸ್ಟಿಕ್ ಮಾಸ್ಕ್ ಮಾಡಿ ಟೇಬಲ್ಲಿಗೆ ಸಿಕ್ಕಿಸ್ತಾರೆ, ಉಸಿರುಕಟ್ಟಿದಂಗೆ ಅನ್ನಿಸೋದು ಅದು. ಆಪರೇಷನ್ ಆದ್ಮೇಲೆ ಸಾಮಾನ್ಯವಾಗಿ ವಾರಕ್ಕೆ 5 ದಿನದ ಲೆಕ್ಕದಲ್ಲಿ 30 ದಿನ, ಒಟ್ಟು 60 ಗ್ರೇ (ಗ್ರೇ ಅನ್ನೋದು ಕರೆಂಟಿನ ಅಳತೆ), ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಕಷ್ಟ ಶುರುವಾಗೋದು ಮೂರನೇ ವಾರದಿಂದ, ಬಾಯೆಲ್ಲ ಹುಣ್ಣು, ಎಂಜಲು ಒಣಗತ್ತೆ, ರುಚಿ ಹೋಗತ್ತೆ, ಚರ್ಮ ಕಪ್ಪಾಗತ್ತೆ. ಇಲ್ಲಿ ಬಹಳ ಜನ ಮಧ್ಯದಲ್ಲೇ ನಿಲ್ಲಿಸಿ ಊರಿಗೆ ಹೋಗ್ತಾರೆ, ದಯವಿಟ್ಟು ಹೋಗ್ಬೇಡಿ, ಮಧ್ಯೆ ಗ್ಯಾಪ್ ಬಿದ್ರೆ ಕೊಟ್ಟಿದ್ದು ಅಷ್ಟೂ ಸಡಿಲ ಆಗತ್ತೆ. ಹುಳುಕು ಹಲ್ಲಿದ್ರೆ ಕರೆಂಟ್ ಶುರುವಾಗೋಕೆ ಎರಡು ವಾರ ಮುಂಚೆನೇ ಕೀಳಿಸಬೇಕು, ಆಮೇಲೆ ಕಿತ್ತರೆ ದವಡೆ ಮೂಳೆ ಸಾಯೋ ಅಪಾಯ ಇದೆ, ವರ್ಷಗಳಾದ್ಮೇಲೂ. ಬಾಯಿ ಬಿಗಿಯೋದು ತಡೆಯೋಕೆ ಐಸ್‌ಕ್ರೀಮ್ ಕಡ್ಡಿಗಳನ್ನ ಒಂದರ ಮೇಲೊಂದು ಸೇರಿಸಿ ಹಲ್ಲಿನ ನಡುವೆ ಇಟ್ಕೊಳೋ ಎಕ್ಸರ್ಸೈಜ್ ಹೇಳ್ಕೊಟ್ರು, ಮಾವ ತಾವೇ ಮರದಲ್ಲಿ ಒಂದು ಸೆಟ್ ಮಾಡ್ಕೊಂಡ್ರು, ನೈಸಾಗಿ ಉಜ್ಜಿ, ಮಾಸ್ಕ್ ಹಾಕ್ಕೊಂಡು.

ಪ್ರೋಟಾನ್ ಅಂತ ಇನ್ನೊಂದು ತರದ ಕರೆಂಟ್ ಇದೆ, ಕಣ್ಣು ಮೆದುಳಿನ ಹತ್ರ ಇರೋ ಗಡ್ಡೆಗೆ ಉಪಯೋಗ, ಚೆನ್ನೈಯಲ್ಲಿ ಅಪೋಲೋದಲ್ಲಿ ಮತ್ತೆ ನವಿ ಮುಂಬೈನಲ್ಲಿ ಟಾಟಾದವರ ಹತ್ರ ಇದೆ. ಎಲ್ಲರಿಗೂ ಬೇಕಾಗಲ್ಲ.

ಕರೆಂಟ್ ಆದ್ಮೇಲೆ ಮೂಗೊಳಗೆ ಹಕ್ಕಳೆ ಕಟ್ಟಿ ನಾರತ್ತೆ, ದಿನಾ ಉಪ್ಪುನೀರಲ್ಲಿ ತೊಳೀಬೇಕು. ಕುದಿಸಿ ಆರಿಸಿದ ನೀರೇ ಬೇಕು, ನಲ್ಲಿ ನೀರು ಬೋರ್ ನೀರು ಹಂಗೇ ಬೇಡ, ಮೆದುಳಿಗೆ ಹೋಗೋ ಅಮೀಬಾ ಮೂಗಿನ ದಾರಿಯಲ್ಲೇ ಹೋಗೋದು.

ಎಷ್ಟು ಖರ್ಚು? ಎಲ್ಲಿಗೆ ಹೋಗೋದು?

ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, 1973ರಿಂದ ಇದೆ, ರಶ್ ಇರತ್ತೆ, ಕಾಯ್ಬೇಕು, ಆದ್ರೆ ಈ ಕೇಸ್ ನೋಡಿ ನೋಡಿ ಕೈ ಪಳಗಿದೋರು ಅಲ್ಲಿದಾರೆ. ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಮಣಿಪಾಲ ಮಂಗಳೂರು ಕಡೆ ಮೆಡಿಕಲ್ ಕಾಲೇಜುಗಳಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದ ಹಂಗೆ. ಪ್ರೈವೇಟಿಗೆ ಹೋಗೋದಾದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಮೊದಲು ಮಾಡಿಸ್ಕೊಳ್ಳಿ, ಅಡ್ಮಿಟ್ ಆದ್ಮೇಲೆ ಓಡಾಡಿದ್ರೆ ನನ್ನ ತರ ಚಪ್ಪಲಿ ಸವೆಯತ್ತೆ. ಆಬ್ಟ್ಯುರೇಟರ್ ಸ್ಕೀಮಲ್ಲಿ ಬರತ್ತಾ ಅಂತ ಬೇರೆಯಾಗೇ ಕೇಳಿ. ಟ್ರೀಟ್ಮೆಂಟಿಗೆ ಹೋಗಿಬರೋಕೆ ರೈಲಲ್ಲಿ ಪೇಶೆಂಟಿಗೂ ಜೊತೆಯವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯವರೇ ಫಾರಂ ಕೊಡ್ತಾರೆ.

ನಾಟಿ ಔಷಧಿ ಕೊಡೋರು ಒಬ್ರಿದಾರೆ, ಒಂದು ತಿಂಗಳು ನೋಡೋಣ್ವಾ?

ನೋಡ್ಬೇಡಿ. ಆ ಒಂದು ತಿಂಗಳಲ್ಲಿ ಕಣ್ಣಿನ ಗೂಡಿನ ಪೊರೆ ಆಚೆ ಇದ್ದ ಗಡ್ಡೆ ಅದನ್ನ ದಾಟಿ ಒಳಕ್ಕೆ ಬಂದಿರಬಹುದು.

ಅಂಟುತ್ತಾ? ಮಕ್ಕಳಿಗೆ ಬರತ್ತಾ?

ಅಂಟಲ್ಲ, ಅವರ ತಟ್ಟೆ ಬೇರೆ ಇಡ್ಬೇಡಿ. ಸಾಮಾನ್ಯವಾಗಿ ವಂಶದಲ್ಲಿ ಹರಿಯೋದೂ ಅಲ್ಲ. ಅಪ್ಪನ ಜೊತೆ ಮಗನೂ ಅದೇ ವರ್ಕ್‌ಶಾಪಲ್ಲಿ ಅದೇ ಧೂಳು ಕುಡೀತಿದ್ರೆ ಆ ಮಾತು ಬೇರೆ.

ಗುಣ ಆಗತ್ತಾ? ನೇರವಾಗಿ ಹೇಳಿ.

ಬೇಗ ಸಿಕ್ಕಿದ್ರೆ ಹೆಚ್ಚಿನವರಿಗೆ ಗುಣ ಆಗತ್ತೆ. ತೊಂದ್ರೆ ಏನಂದ್ರೆ ಹೆಚ್ಚಿನವರಿಗೆ ಸಿಗೋದೇ ಮೂರನೇ ನಾಲ್ಕನೇ ಹಂತದಲ್ಲಿ, ಎಲ್ಲ ಹಂತ ಸೇರಿಸಿದ್ರೆ 5 ವರ್ಷ ದಾಟೋರು ಸುಮಾರು ಅರ್ಧದಷ್ಟು ಜನ. ಜಾತಿ ಮೇಲೂ ಹೋಗತ್ತೆ, ಮೆಲನೋಮಾ ಬಹಳ ಕೆಟ್ಟದ್ದು, ವಾಸನೆ ನರದ್ದು ಸ್ವಲ್ಪ ವಾಸಿ. ಕೆನ್ನೆಯ ಮುಂದೆ ಕೆಳಗಡೆ ಇದ್ರೆ ಹಿಂದೆ ಮೇಲ್ಗಡೆ ಇರೋದಕ್ಕಿಂತ ಒಳ್ಳೇದು. ವಾಪಸ್ ಬರೋದಾದ್ರೆ ಹೆಚ್ಚಾಗಿ ಮೊದಲೆರಡು ವರ್ಷದಲ್ಲೇ, ಅದೇ ಜಾಗದಲ್ಲೇ, ಅದಕ್ಕೆ ಮೊದಲ ವರ್ಷ ತಿಂಗಳು ಎರಡು ತಿಂಗಳಿಗೊಮ್ಮೆ ಚೆಕಪ್. ಅಡಿನಾಯ್ಡ್ ಸಿಸ್ಟಿಕ್ ಮಾತ್ರ ಹತ್ತು ವರ್ಷ ಆದ್ಮೇಲೂ ಶ್ವಾಸಕೋಶದಲ್ಲಿ ತಲೆ ಎತ್ತಬಹುದು, ಅಂಥವರು ಐದು ವರ್ಷಕ್ಕೆ ಮುಗೀತು ಅಂದ್ಕೊಂಡು ಚೆಕಪ್ ಬಿಡಬಾರದು.

ಆಮೇಲೆ ವಾಸನೆ ಗೊತ್ತಾಗತ್ತಾ?

ಆಪರೇಷನ್ ಎಲ್ಲಿ ಆಯ್ತು ಅನ್ನೋದರ ಮೇಲೆ. ವಾಸನೆ ನರ ಇರೋ ಮೇಲ್ಭಾಗ ತೆಗೆದಿದ್ರೆ ಹೋಯ್ತು, ಬರೀ ಕೆನ್ನೆ ಆಗಿದ್ರೆ ಸ್ವಲ್ಪ ಉಳಿದಿರತ್ತೆ, ಕರೆಂಟಿಂದಲೂ ಕಮ್ಮಿ ಆಗತ್ತೆ. ಮಾವನಿಗೆ ಈಗ ಎಡಗಡೆ ಅಲ್ಪಸ್ವಲ್ಪ ಗೊತ್ತಾಗತ್ತೆ. ಮೊದಲೆಲ್ಲ ಸಿಪ್ಪೆ ಕೆತ್ತಿ ಮೂಸಿ ನೋಡಿ ತೇಗನಾ ಹೊನ್ನೆನಾ ಅಂತ ಹೇಳೋರು, ಈಗ ಮಗನ ಮೂಗಿಗೆ ಹಿಡಿದು "ಹೆಂಗಿದೆ ಹೇಳು" ಅಂತ ಕೇಳಿ ತಾವು ಹೆಸರು ಹೇಳ್ತಾರೆ. ಮನೆಯವರು ನೋಡ್ಕೋಬೇಕಾದ್ದು ಏನಂದ್ರೆ ಗ್ಯಾಸ್ ಲೀಕ್, ಹಳಸಿದ ಸಾರು, ಸುಟ್ಟ ವಾಸನೆ ಇವ್ಯಾವೂ ಅವರಿಗೆ ಗೊತ್ತಾಗಲ್ಲ. ಒಬ್ಬರೇ ಮನೇಲಿರೋ ಹೊತ್ತಲ್ಲಿ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ ಹೋಗಿ, ಆಗತ್ತೆ ಅಂದ್ರೆ ಗ್ಯಾಸ್ ಅಲಾರಂ ಹಾಕಿಸಿ, ಸಿಲಿಂಡರ್ ಪಕ್ಕದಲ್ಲಿ ನೆಲದ ಹತ್ರ ಹಾಕಿಸಬೇಕು, ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂರತ್ತೆ.